ಸುಮ್‌ಲಾದ ತಿರುವುಗಳನ್ನು ಕತ್ತರಿಸಿದವರಿಗೆ

ಸುಮ್‌ಲಾ, ಫೆಬ್ರವರಿ ೩೦, ೨೧೯೩

ಇಪ್ಪತ್ತೊಂದನೇ ಶತಮಾನದ ಸೈಕಲ್ ಪ್ರವಾಸಿಗರೇ,

ತಾರೀಖು ತಪ್ಪಿಲ್ಲ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ಮಿಕ್ಕ ಐದು ದಿನಕ್ಕೆ ತಿಂಗಳಿಲ್ಲ. ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಉಳಿದದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ಕಲಬುರಗಿಯ ಬಿಸಿಲು ತಡೆಯಲಾಗದೆ ನಮ್ಮ ಮುತ್ತಜ್ಜನ ಕಾಲದವರು ಹಿಮಾಲಯದ ಈ ಹುಲ್ಲುಗಾವಲಿಗೆ ಬಂದು ನೆಲೆಸಿದರು. ಇಲ್ಲಿ ಜೋಳ ಬೆಳೆಯುವುದಿಲ್ಲ. ಬಾರ್ಲಿ ಹಿಟ್ಟಿನಲ್ಲೇ ರೊಟ್ಟಿ ಬಡಿಯುತ್ತೇವೆ. ಮೋಟಾರು ರಸ್ತೆ ಕುಸಿದು ಎರಡು ತಲೆಮಾರಾಯಿತು. ನೀವು ಸವಾಲೆಂದು ಸೈಕಲ್ ಓಡಿಸುವ ಕಾಲುದಾರಿಯೇ ನಮಗಿರುವ ಒಂದೇ ದಾರಿ. ಉಪ್ಪು, ಔಷಧ ಸೈಕಲ್ಲಿನ ಮೇಲೆ ಬರುತ್ತವೆ. ರೋಗಿಗಳು ಕೆಳಗಿನ ಆಸ್ಪತ್ರೆಗೆ ಜೋಡಿಗಾಲಿಯಲ್ಲಿ ಇಳಿಯುತ್ತಾರೆ: ಮುಂದೊಂದು, ಹಿಂದೊಂದು ಸೈಕಲ್, ನಡುವೆ ಕಟ್ಟಿದ ಮಂಚ. ಆ ಇಳಿಜಾರಿನಲ್ಲಿ ದಾರಿಯಿಂದ ಕಣ್ಣು ತೆಗೆದು ರೋಗಿಯ ಮುಖ ನೋಡಲಾಗದು. ಆದ್ದರಿಂದ ಮಲಗಿದವರು ದಾರಿಯುದ್ದಕ್ಕೂ ನಮ್ಮನ್ನು ಬೈಯುತ್ತಲೇ ಇರಬೇಕೆಂಬುದು ನಿಯಮ. ಬೈಗುಳ ಕೇಳಿಸುತ್ತಿದ್ದರೆ ಪ್ರಜ್ಞೆ ಇದೆ ಎಂದರ್ಥ.

ಹೋದ ಬೇಸಿಗೆಯಲ್ಲಿ ನನ್ನ ತಂಗಿ ಮಹಾನಂದಾಳಿಗೆ ಹೆರಿಗೆ ನೋವು ಶುರುವಾಯಿತು. ಕೂಸು ಅಡ್ಡ ಮಲಗಿತ್ತು. ಮುಂದಿನ ಸೈಕಲ್ ನನ್ನದು, ಹಿಂದಿನದು ಅವಳ ಗಂಡ ಅಂಗ್ರುಪನದು.

“ಅಣ್ಣಾ, ಕಣ್ಣು ಮನ್ಯಾಗ ಇಟ್ಟು ಬಂದೀ ಏನ? ಎಲ್ಲಾ ಕಲ್ಲಿನ ಮ್ಯಾಲೇ ಹಾಯಿಸ್ಲಾಕತ್ತಿದಿ,” ಎಂದಳು. ಆಮೇಲೆ ಗಂಡ ಬೈಸಿಕೊಳ್ಳುವ ಸರದಿ. “ಇವ್ರು ನೋಡು, ಮೆರವಣಿಗ್ಯಾಗ ಬಂದಂಗ ಬರ್ಲಾಕತ್ತಾರ.”

“ಲಗ್ನಕ್ಕೂ ಹಿಂಗೇ ಬಂದಿದ್ದೆ,” ಎಂದ ಅಂಗ್ರುಪ್. “ಆವಾಗೂ ಬೈದಿದ್ದಿ.”

ಹುಲ್ಲುಗಾವಲು ಮುಗಿದು ಕಡಿದಾದ ಇಳಿಜಾರು ಬರುವಲ್ಲಿ ನಿಲ್ಲಬೇಕಾಯಿತು. ಹಿಂದೆ ಅಲ್ಲಿ ದಾರಿ ತಿರುತಿರುಗಿ ಇಳಿಯುತ್ತಿತ್ತು. ನಿಮ್ಮ ಕಾಲದವರು ತಿರುವು ಬಿಟ್ಟು ನೆಟ್ಟಗೆ ಕೆಳಕ್ಕೆ ಹಾರಿಸಿಕೊಂಡು ಹೋದರು. ಚಕ್ರದ ಗೆರೆಯಲ್ಲಿ ಹಿಮ ಕರಗಿದ ನೀರು ಹರಿಯಿತು. ಆ ಎತ್ತರದಲ್ಲಿ ಕಿತ್ತ ಹುಲ್ಲು ಮತ್ತೆ ಬೇರೂರಲು ಒಂದು ಜೀವಮಾನ ಬೇಕು. ನೀವು ಒಂದು ಬೇಸಿಗೆಯನ್ನೂ ಬಿಟ್ಟುಕೊಡಲಿಲ್ಲ. ಗೆರೆ ಕಾಲುವೆಯಾಯಿತು, ಕಾಲುವೆ ಕೊರಕಲಾಯಿತು. ತಿರುವುಗಳೆಲ್ಲ ಅದರೊಳಗೆ ಕುಸಿದು ಬಿದ್ದಿವೆ. ಇಷ್ಟೆಲ್ಲ ಆದದ್ದು ನಿಮಗೆ ಬ್ರೇಕ್ ಹಿಡಿಯಲು ಬೇಸರವಾದ್ದಕ್ಕೆ.

ಮಂಚ ಬಿಚ್ಚಿ, ಹಗ್ಗ ಕಟ್ಟಿ ಕೊರಕಲಿಗೆ ಇಳಿಸಿ, ಆಚೆ ಬದಿಗೆ ಏರಿಸುವಷ್ಟರಲ್ಲಿ ಬೆಳಗು ಹೋಗಿ ಸಂಜೆಯಾಗಿತ್ತು. ನಡುವೆ ಎಲ್ಲೋ ಮಹಾನಂದಾ ಬೈಯುವುದನ್ನು ನಿಲ್ಲಿಸಿದ್ದಳು. ಆಸ್ಪತ್ರೆಯಲ್ಲಿ ಅವಳು ಉಳಿದಳು, ಕೂಸು ಉಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲುಪಿದ್ದರೆ ಅದೂ ಉಳಿಯುತ್ತಿತ್ತು ಎಂದರು ವೈದ್ಯರು. ಅಂಗ್ರುಪ್ ಅದನ್ನು ಕೊರಕಲಿನ ಅಂಚಿನಲ್ಲೇ ಮಣ್ಣು ಮಾಡಿದ.

ಅವಳಿಗೆ ಈಗ ಮತ್ತೆ ಆರು ತಿಂಗಳು. ಕೆಳಗಿಳಿಯಲು ಬೇರೆ ದಾರಿ ಹುಟ್ಟಿಲ್ಲ. ನಿಮ್ಮ ಪಶ್ಚಾತ್ತಾಪ ನಮಗೆ ಬೇಡ, ಬೆಟ್ಟದ ಮೇಲಿನ ಪ್ರೀತಿಯ ಮಾತೂ ಬೇಡ. ಈ ಬೇಸಿಗೆ ಸುಮ್‌ಲಾಕ್ಕೆ ಬಂದಾಗ ದಾರಿ ತಿರುಗುವಲ್ಲಿ ತಿರುಗಿ. ಧೈರ್ಯ ಸಾಲದಿದ್ದರೆ ಇಳಿದು ಸೈಕಲ್ ತಳ್ಳಿಕೊಂಡು ಹೋಗಿ. ಹಿಂದೆ ಬರುವವನು ನಗುತ್ತಾನೆ. ನಗಲಿ.

ಸಿದ್ರಾಮ
ಜೋಡಿಗಾಲಿ ಓಡಿಸುವವನು