ಬೀಗಿತ್ತಿ ಹೆಣೆದ ಸ್ವೆಟರ್

ವಿಲ್ಯಾ ಕ್ರೆಸ್ಪೊ, ಬ್ಯೂನಸ್ ಐರಿಸ್
ಸೋಮವಾರ, ಜೂನ್ 11, 1990

ಮಗಳು ವಿವಿಯಾನಾಳಿಗೆ ಅಮ್ಮನ ಮುತ್ತುಗಳು.

ಲಕೋಟೆಯ ಮೇಲೆ ನೀನು ಈಗ ಇಟ್ಟುಕೊಂಡಿರುವ ಯೋಖೆವೆದ್ ಎಂಬ ಹೆಸರನ್ನೇ ಬರೆದಿದ್ದೇನೆ. ಅಂಚೆಯವನಿಗೆ ಗೊಂದಲವಾಗಬಾರದಲ್ಲ. ಒಳಗಾದರೂ ನಾನೂ ನಿಮ್ಮಪ್ಪನೂ ಇಟ್ಟ ಹೆಸರಿರಲಿ. ಒಂದು ಬಸ್ಸು ಹತ್ತಿದರೆ ತಲುಪುವ ಮನೆಗೆ ಕಾಗದ ಬರೆಯುವುದೇನು ಅಂತ ನಿನಗೆ ನಗು ಬಂದೀತು. ಏನು ಮಾಡಲಿ, ಫೋನು ಮಾಡಿದರೆ 'ಅಮ್ಮಾ, ಮಗು ಅಳ್ತಿದೆ, ಆಮೇಲೆ ನಾನೇ ಮಾಡ್ತೀನಿ' ಅಂತ ಇಟ್ಟುಬಿಡುತ್ತೀಯ. ಆ ಆಮೇಲೆ ಎನ್ನುವುದು ಇದುವರೆಗೆ ಬಂದಿಲ್ಲ. ಕಾಗದವಾದರೆ ಮಗು ಮಲಗಿದ ಮೇಲೂ ಓದಬಹುದು.

ನಿನ್ನೆಯ ಮಾತು ಹೇಳಬೇಕು. ಮೊಮ್ಮಗ ನಾಫ್ತಾಲಿಗೆ ಮೂರು ತುಂಬಿ, ಹುಟ್ಟಿದಾಗಿನಿಂದ ಬೆಳೆದ ಕೂದಲಿಗೆ ಕತ್ತರಿ ತಾಗಿಸುವ ದಿನ. ನಿಮ್ಮ ಮನೆ ತುಂಬ ಜನ. ಗಂಡಸರು ಒಂದೊಂದು ಎಳೆ ಕತ್ತರಿಸಿ, ಮತ್ತೆ ಮೂಲೆಗೆ ಹೋಗಿ, ಶುಕ್ರವಾರ ವಿಶ್ವಕಪ್ ಫುಟ್‌ಬಾಲಿನಲ್ಲಿ ನಮ್ಮವರು ಕ್ಯಾಮರೂನಿಗೆ ಸೋತದ್ದನ್ನೇ ಹಳಹಳಿಸುತ್ತಿದ್ದರು. ಅವರದೆಲ್ಲ ಮುಗಿದ ಮೇಲೆ ಅಜ್ಜಿಯರನ್ನು ಕರೆದಿರಿ. ಮೊದಲು ನಿನ್ನ ಅತ್ತೆ ಪೆರ್ಲ, ಆಮೇಲೆ ನಾನು. ಅದಕ್ಕೆ ನನಗೇನೂ ಬೇಸರವಿಲ್ಲ, ಮಗ ಅವರ ಮನೆತನದವನು. ಬೇಸರವಾದದ್ದು ಆಮೇಲೆ.

ವಿಗ್ ಹಾಕಿಕೊಂಡ ದಪ್ಪನೆಯ ಹೆಂಗಸೊಬ್ಬಳು ಮಗುವಿನ ನೀಲಿ ಸ್ವೆಟರನ್ನು ಸವರಿ, ಎದೆಯ ಮೇಲಿನ ಜಡೆ ಹೆಣಿಗೆಯನ್ನು ಬೆರಳಲ್ಲಿ ಮುಟ್ಟಿ, 'ಎಷ್ಟು ಚೆನ್ನಾಗಿದೆ, ಯಾರು ಹೆಣೆದಿದ್ದು?' ಅಂತ ಕೇಳಿದಳು. 'ನಮ್ಮತ್ತೆ. ಅವರ ಕೈಗೆ ಎಷ್ಟು ಹೇಳಿದ್ರೂ ಸಾಲದು' ಅಂದೆ ನೀನು. 'ನಿಮ್ಮಮ್ಮನೂ ಹೆಣೀತಾರಂತಲ್ಲ?' ಅಂದಳು ಅವಳು. ನೀನು ದನಿ ತಗ್ಗಿಸಿದೆ, ಆದರೆ ಸಾಕಷ್ಟು ತಗ್ಗಿಸಲಿಲ್ಲ. 'ಹೆಣೀತಾಳೆ, ಆದ್ರೆ ನಮ್ಮನೇಗೆ ಆಗಲ್ಲ. ಪಾಪ, ಅವಳಿಗೆ ಯಾವುದು ನಡೆಯುತ್ತೆ, ಯಾವುದು ನಡೆಯಲ್ಲ ಅನ್ನೋದೇ ಗೊತ್ತಾಗಲ್ಲ.'

ನಾನು ನಿನ್ನ ಬೆನ್ನ ಹಿಂದೆಯೇ ಇದ್ದೆ ವಿವಿ, ಕಿತ್ತಳೆ ರಸದ ಲೋಟ ಹಿಡಿದುಕೊಂಡು. ಆ 'ಪಾಪ' ಅನ್ನುವುದನ್ನು ಬಿಟ್ಟಿದ್ದರೆ ಬಹುಶಃ ಈ ಕಾಗದ ಬರೆಯುತ್ತಿರಲಿಲ್ಲ. ಅಷ್ಟರಲ್ಲಿ ನಾಫ್ತಾಲಿ ಓಡಿ ಬಂದ, ಎದೆ ಉಬ್ಬಿಸಿ, 'ನೋಡು, ಪೆರ್ಲ ಅಜ್ಜಿ ಮಾಡಿದ್ದು' ಅಂದ. 'ತುಂಬಾ ಚೆನ್ನಾಗಿದೆ ಕಂದಾ' ಅಂದೆ. ಲೋಟ ಇಟ್ಟು, ಕೋಟು ಹಾಕಿಕೊಂಡು ಬಂದುಬಿಟ್ಟೆ. ನಾನು ಹೋದದ್ದು ನಿನಗೆ ಯಾವಾಗ ಗೊತ್ತಾಯಿತೋ ತಿಳಿಯದು, ಇವತ್ತು ಸಂಜೆಯವರೆಗೂ ಫೋನು ಬಂದಿಲ್ಲ.

ನೀನು ಬದಲಾದದ್ದಕ್ಕೆ ನಾನು ಯಾವತ್ತು ಜಗಳವಾಡಿದೆ ಹೇಳು. ಕಾಲೇಜಿನ ಕೊನೆಯ ವರ್ಷ ನೀನು ಉದ್ದ ಲಂಗ ತೊಟ್ಟೆ, ನಾನು ಒಳ್ಳೆಯದು ಅಂದೆ. ಶನಿವಾರ ದೀಪದ ಗುಂಡಿ ಮುಟ್ಟುವುದಿಲ್ಲ ಅಂದೆ ನೀನು, ನಾನೇ ಹಚ್ಚಿಟ್ಟೆ. ಆಮೇಲೆ ಒಂದು ದಿನ ನನ್ನ ತಟ್ಟೆಗಳು ನಡೆಯುವುದಿಲ್ಲ ಅಂದೆ. ಹಾಲೂ ಮಾಂಸವೂ ಬೆರೆಯಬಾರದಲ್ಲ, ಹಾಲಿನ ಚಮಚ ಮಾಂಸದ ಪಾತ್ರೆಗೆ ಬಿದ್ದ ಮನೆ ನನ್ನದು, ಇಲ್ಲಿ ನಡೆಯಲಾರದು ನಿಜ. ಆಲೂಗಡ್ಡೆ ತುಂಬಿದ ಕ್ನಿಶ್ ನಿನಗೆ ಪ್ರಾಣವಲ್ಲವೇ, ಹೊಸ ಬಾಣಲೆ ತಂದು ಮಾಡಿದೆ. ನೀನು ಅದರತ್ತ ನೋಡಲೂ ಇಲ್ಲ. 'ಬಾಣಲೆ ಹೊಸದಾದ್ರೆ ಆಯ್ತಾ ಅಮ್ಮಾ, ಒಲೆ ಯಾವುದು?' ಅಂದೆ. ಚೀಲದಿಂದ ಒಂದು ಸೇಬು ತೆಗೆದು, ನಿನ್ನದೇ ಚಾಕುವಿನಿಂದ ಹೆಚ್ಚಿಕೊಂಡು ತಿಂದೆ. ಆವತ್ತು ನಾನು ನಿಮ್ಮಪ್ಪನ ಫೋಟೋ ಮುಂದೆ ಕೂತು ನಕ್ಕುಬಿಟ್ಟೆ. ಹೊಟ್ಟೆಗೆ ಹಾಕಿ ಬೆಳೆಸಿದವಳಿಗೆ ಇನ್ನು ಮಗಳಿಗೆ ಒಂದು ತುತ್ತೂ ಕೊಡುವ ಹಾಗಿಲ್ಲ.

ಆಗ ಹೆಣಿಗೆಯೊಂದು ಉಳಿದಿದೆ ಅಂದುಕೊಂಡೆ. ಉಣ್ಣೆಯಲ್ಲಿ ಹಾಲೂ ಇಲ್ಲ, ಮಾಂಸವೂ ಇಲ್ಲ. ನಮ್ಮಮ್ಮ ಬೆಸ್ಸರೇಬಿಯಾದಿಂದ ಹಡಗು ಹತ್ತುವಾಗ ಕಡ್ಡಿಗಳನ್ನು ಅಂಗಿಯ ಅಂಚಿನೊಳಗೆ ಸೇರಿಸಿ ಹೊಲಿದುಕೊಂಡು ಬಂದವಳು. ಈ ಬೀದಿಯಲ್ಲಿ ಯಾರಿಗೆ ಮಗು ಹುಟ್ಟಲಿ, ಮದುವೆಯಾಗಲಿ, ಹನುಕ್ಕಾ ಹಬ್ಬ ಬರಲಿ, ನನ್ನ ಕಡ್ಡಿಯಿಂದ ಒಂದು ಟೋಪಿಯೋ ಕಾಲುಚೀಲವೋ ಹೋಗಲೇಬೇಕು. ಔಷಧಿ ಅಂಗಡಿಯವನ ಕೊರಳಲ್ಲಿ ಈಗಲೂ ನಾನು ಹೆಣೆದ ಮಫ್ಲರೇ ಇದೆ. ಬುರಾಕೋ ಆಡಲು ಬರುವ ಗೆಳತಿಯರು, 'ಸುಲಾ, ನೀನು ಸತ್ತ ಮೇಲೂ ಒಂದು ತೋಳು ಹೆಣೆಯೋದು ಬಾಕಿ ಇರುತ್ತೆ' ಅಂತ ಚುಡಾಯಿಸುತ್ತಾರೆ. ಊರಿಗೆಲ್ಲ ಹೆಣೆದವಳು ಮೊಮ್ಮಗನಿಗೆ ಹೆಣೆಯದೆ ಇರುತ್ತೇನೆಯೇ.

ನೀನು ಬಸುರಿಯಾದಾಗ ಕೆನೆ ಬಣ್ಣದ ಕೋಟು ಶುರು ಮಾಡಿದೆ. ಹುಟ್ಟುವ ಮುಂಚೆ ಮಗುವಿನ ಬಟ್ಟೆ ಮನೆಯಲ್ಲಿಡಬಾರದು, ಕಣ್ಣು ಬೀಳುತ್ತದೆ ಅನ್ನುವುದು ನನಗೂ ಗೊತ್ತು ಕಣೇ, ಅಷ್ಟು ಯಹೂದಿ ನಾನೂ ಹೌದು. ಮುಗಿದಷ್ಟನ್ನು ಪಕ್ಕದ ಮನೆಯವಳ ಬೀರುವಿನಲ್ಲಿಟ್ಟಿದ್ದೆ. ನೂಲು ಮಾತ್ರ ಅಂಗಡಿಯವನು ಒಳಗಿನಿಂದ ತೆಗೆದು ಕೊಟ್ಟ ಒಳ್ಳೆಯ ಮಾಲು, ಉಣ್ಣೆಯ ಜೊತೆ ಲಿನನ್ ಸೇರಿಸಿ ನೂತದ್ದು. ಕೂಸಿನ ಮೈಗೆ ಒರಟಾಗುವುದಿಲ್ಲ ಅಂತ ಖುಷಿಪಟ್ಟು ತಂದೆ. ಉಣ್ಣೆಯೂ ಲಿನನ್ನೂ ಒಂದೇ ಬಟ್ಟೆಯಲ್ಲಿ ಸೇರಬಾರದು ಅಂತ ಧರ್ಮಗ್ರಂಥದಲ್ಲಿದೆಯಂತೆ. ನಮ್ಮ ಮನೆಯಲ್ಲಿ ಯಾರೂ ಅದನ್ನು ಹೇಳಿಕೊಟ್ಟವರಿಲ್ಲ. ನಿನ್ನ ಅಜ್ಜ ದರ್ಜಿ, ಕೋಟಿನ ಉಣ್ಣೆಗೆ ಲಿನನ್ ಒಳಪಟ್ಟಿ ಹಾಕಿಯೇ ಹೊಲಿದವನು.

ಕೋಟು ತಂದುಕೊಟ್ಟಾಗ ನಿನ್ನ ಗಂಡ ಎಫ್ರಾಯಿಂ ಅದನ್ನು ಒಂದು ಪೊಟ್ಟಣದಲ್ಲಿ ಹಾಕಿಕೊಂಡು ಬಟ್ಟೆಯಲ್ಲಿ ಬೆರಕೆ ಇದೆಯೇ ಅಂತ ಪರೀಕ್ಷೆ ಮಾಡುವವನ ಹತ್ತಿರ ಹೋದ. ಮಾರನೆ ದಿನ ನೀನೇ ಫೋನು ಮಾಡಿದೆ. 'ಅಮ್ಮಾ, ಇದನ್ನ ಹಾಕಬಾರದು. ಮೈ ಮೇಲೆ ಇಟ್ಟು ನೋಡೋಕೂ ಆಗಲ್ಲ. ಇನ್ನು ಏನೂ ಹೆಣೀಬೇಡ, ಅಂಗಡೀಲಿ ಎಲ್ಲಾ ಸಿಗುತ್ತೆ.' ಬೇರೆ ನೂಲಿನಲ್ಲಿ ಹೆಣೆದುಕೊಡುತ್ತೇನೆ ಅಂದೆ. 'ಪ್ರತಿ ಸಲ ಅನುಮಾನ ಪಡೋದು ನಮಗೂ ಕಷ್ಟ ಅಮ್ಮಾ' ಅಂದೆ ನೀನು. ಆ ಕೋಟು ನಿಮ್ಮ ಮನೆ ಕೆಲಸದ ರಮೋನಾಳ ಮೊಮ್ಮಗಳಿಗೆ ಹೋಯಿತು. ಬಸ್ ನಿಲ್ದಾಣದಲ್ಲಿ ಆ ಕೂಸನ್ನು ನಾನೇ ನೋಡಿದೆ. ಕೊರಳು, ತೋಳು ಎಲ್ಲ ಅಳತೆ ತೆಗೆದ ಹಾಗೆ ಕೂತಿತ್ತು. ರಮೋನಾ ನನ್ನ ಕೈ ಹಿಡಿದು, 'ಅಮ್ಮೋರೇ, ನೀವೇ ಹೆಣೆದಿದ್ದಂತೆ, ಮಗು ಇದನ್ನ ಹಾಕಿದ್ರೆ ಅಳೋದೇ ಇಲ್ಲ' ಅಂದಳು. ಮನೆಗೆ ಬಂದು ಹೊಟ್ಟೆ ಉರಿಸಿಕೊಂಡೆ. ಯಾರ ಮೇಲೆ ಅಂತ ಕೇಳಬೇಡ.

ಈಗ ಕೇಳು. ನಿನ್ನೆ ನಾಫ್ತಾಲಿ ತೊಟ್ಟಿದ್ದ ಸ್ವೆಟರ್ ಹೆಣೆದವಳು ನಾನು.

ಅದೊಂದೇ ಅಲ್ಲ. ಅವನ ಮೊದಲ ಚಳಿಗಾಲದ ಹೊದಿಕೆ, ನೀನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಎತ್ತಿಟ್ಟಿದ್ದೀಯಂತಲ್ಲ, ಅದು ನನ್ನದು. ಹಸಿರು ಕಾಲುಚೀಲ, ಕಿವಿ ಮುಚ್ಚುವ ಟೋಪಿ, ನೀನು ಹಸಿ ಬಾಣಂತಿಯಾಗಿದ್ದಾಗ ಹೆಗಲಿಗೆ ಹಾಕಿಕೊಂಡ ಬೂದು ಶಾಲು, ಎಲ್ಲವೂ ನನ್ನ ಕೈಯವೇ. ನಿನ್ನ ಅತ್ತೆ ಕಡ್ಡಿ ಹಿಡಿದರೆ ತನ್ನ ಕಣ್ಣಿಗೇ ಚುಚ್ಚಿಕೊಂಡಾಳು. ಕೋಟಿನ ಗಲಾಟೆಯಾದ ತಿಂಗಳಲ್ಲೇ ಅವಳು ನನ್ನ ಬಾಗಿಲಿಗೆ ಬಂದಳು. ನೀವು ಪ್ರಾರ್ಥನೆಗೆ ಹೋಗುವ ಸಿನಗಾಗಿನ ಹೆಂಗಸರಲ್ಲಿ ಅಜ್ಜಿಯಾದವಳು ಮೊಮ್ಮಗನಿಗೆ ಏನೂ ಹೆಣೆಯದಿದ್ದರೆ ಆಡಿಕೊಳ್ಳುತ್ತಾರಂತೆ. 'ಬೀಗಿತ್ತಿ, ನಂಗೆ ಗುಂಡಿ ಹೊಲಿಯೋಕೂ ಬರಲ್ಲ, ನೀವು ಹೆಣೆದುಕೊಡಿ, ನಾನು ಕೊಡ್ತೀನಿ, ನನ್ನ ಮರ್ಯಾದೆ ಉಳಿಸಿ' ಅಂತ ಗೋಗರೆದಳು. ಕನಿಕರ ಬಂತು, ಹೂಂ ಅಂದೆ.

ನೀನು ಹೆದರಬೇಡ, ಎಲ್ಲ ಶುದ್ಧ ಉಣ್ಣೆ. ಪ್ರತಿಯೊಂದನ್ನೂ ಎಫ್ರಾಯಿಂ ಹೋದ ಆ ಮನುಷ್ಯನ ಹತ್ತಿರವೇ ಒಯ್ದೆ. ಅವನು ಒಂದು ಎಳೆ ಕಿತ್ತು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಅಡ್ಡಿಯಿಲ್ಲ ಅಂದ. ಯಾರ ಹೆಸರು ಬರೆದುಕೊಳ್ಳಲಿ ಅಂತ ಕೇಳಿದ. ಪೆರ್ಲ ಅಂದೆ. ಇನ್ನೊಂದು ಹೇಳುತ್ತೇನೆ, ನಗಬೇಡ. ಜೀವಮಾನವಿಡೀ ಕೆಲಸ ಮುಟ್ಟಬಾರದ ಸಬ್ಬತ್ ದಿನ ಅನ್ನುವುದನ್ನೇ ಲೆಕ್ಕಿಸದವಳು, ನಿನ್ನ ಮಗನದು ಕೈಯಲ್ಲಿದ್ದರೆ ಶುಕ್ರವಾರ ಹೊತ್ತು ಮುಳುಗುವ ಮುಂಚೆ ಕಡ್ಡಿ ಕೆಳಗಿಡುತ್ತೇನೆ. ಶನಿವಾರ ಕತ್ತಲಾಗುವವರೆಗೆ ಮುಟ್ಟುವುದಿಲ್ಲ. ಯಾರೂ ಹೇಳಿದ್ದಲ್ಲ, ಯಾರೂ ನೋಡುವುದೂ ಇಲ್ಲ. ನಡೆಯುವುದು, ನಡೆಯದಿರುವುದು ನನಗೆ ಗೊತ್ತಾಗುವುದಿಲ್ಲವಂತೆ.

ನೀನು ಹೊಗಳಿದಾಗಲೆಲ್ಲ ಪೆರ್ಲ ಫೋನು ಮಾಡುತ್ತಾಳೆ. 'ಹುಡುಗಿ ತುಂಬಾ ಖುಷಿಪಟ್ಳು ಬೀಗಿತ್ತಿ, ಶಾಲನ್ನ ಕೆನ್ನೆಗೆ ಒತ್ತಿಕೊಂಡ್ಳು' ಅನ್ನುತ್ತಾಳೆ. ಮೂರು ವರ್ಷದಿಂದ ನನ್ನ ಪಾಲಿಗೆ ಬಂದ ಮಗಳು ಅಷ್ಟೇ. ಅಷ್ಟಕ್ಕೇ ತೃಪ್ತಿಪಡುವುದನ್ನು ಕಲಿತಿದ್ದೆ. ನಿನ್ನೆ ಆ ಹೆಂಗಸಿನ ಮುಂದೆ ನೀನು ನನ್ನ ಕೈಯನ್ನೇ ಹೊಗಳಿ, ಅದೇ ಉಸಿರಿನಲ್ಲಿ ನನ್ನನ್ನು ಪಾಪ ಅಂದೆಯಲ್ಲ, ಅದನ್ನು ನುಂಗಲು ಆಗಲಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಮಗುವಿಗೆ ನಿಜ ಹೇಳು. ಸುಲಾಮಿತಾ ಅಜ್ಜಿ ಹೆಣೆದದ್ದು ಅಂತ ಅವನ ಬಾಯಲ್ಲಿ ಒಂದು ಸಲ ಬರಲಿ. ಅದು ನಿನಗೆ ಕಷ್ಟವಾದರೆ ಸ್ವೆಟರ್ ಬಿಚ್ಚಿ ರಮೋನಾಳಿಗೆ ಕೊಟ್ಟುಬಿಡು. ಅವಳ ಮನೆಯಲ್ಲಿ ಕಡೇ ಪಕ್ಷ ನನ್ನ ಹೆಸರು ಹೇಳಿ ಹಾಕುತ್ತಾರೆ.

ಮಗುವನ್ನು ಚಳಿಗಾಳಿಗೆ ಬಿಡಬೇಡ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು, ಯಾರ ಒಲೆಯದಾದರೂ ಸರಿ.

ನಿನ್ನ ಹೆತ್ತ ತಾಯಿ,
ಸುಲಾಮಿತಾ

ತಾ.ಕ.: ಲಕೋಟೆ ಅಂಟಿಸಲು ಹೋದವಳು ಮತ್ತೆ ತೆರೆದೆ. ಪೆರ್ಲ ನನ್ನ ಬಾಗಿಲಿಗೆ ಬಂದಳು ಅಂತ ಬರೆದದ್ದು ಸುಳ್ಳು. ಹೋದವಳು ನಾನು, ಗೋಗರೆದವಳೂ ನಾನೇ. 'ಇದು ಮೋಸ ಬೀಗಿತ್ತಿ, ಹುಡುಗಿಗೆ ಗೊತ್ತಾದ್ರೆ ನನ್ನ ಮುಖ ನೋಡಲ್ಲ' ಅಂತ ಅವಳು ಒಪ್ಪಲೇ ಇಲ್ಲ. ಎರಡನೇ ಸಲ ಹೋದಾಗ ಅವಳ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಅದನ್ನು ನೋಡಲಾರದೆ ಹೂಂ ಅಂದಳು. ಅವಳು ಒಳ್ಳೆಯವಳು, ಅವಳ ಮೇಲೆ ರೇಗಬೇಡ. ಬುಧವಾರ ಅವಳು ನಾಫ್ತಾಲಿಯ ತಲೆಯ ಅಳತೆ ತರುತ್ತೇನೆ ಅಂದಿದ್ದಾಳೆ, ಕೂದಲು ಹೋದ ಮೇಲೆ ಟೋಪಿ ಹೊಸದು ಬೇಕಲ್ಲ. ನನ್ನ ಕೈಯದು ಬೇಡ ಅನ್ನುವುದಾದರೆ ಅವಳ ಹತ್ತಿರ ಹೇಳಿಕಳಿಸಬೇಡ ವಿವಿ. ಬೇಡ ಅನ್ನುವುದಕ್ಕಾದರೂ ನೀನೇ ಬಾ.