ಮಣಿಕಟ್ಟಿನ ಸುಳ್ಳು

ಭಾನುವಾರ, ಮಧ್ಯಾಹ್ನ

ನನ್ನ ಬ್ಯಾಟರಿಗಳ ಒಡತಿಗೆ,

ಪಕ್ಕದ ಕೋಣೆಯಲ್ಲಿ ಮಲಗಿರುವವಳಿಗೆ ಕಾಗದ ಬರೆಯುವುದು ಹುಚ್ಚೇ ಸರಿ. ಆದರೆ ಎದುರಿಗೆ ನಿಂತರೆ ನನ್ನ ಬಾಯಿಗೆ ಬೀಗ ಬೀಳುತ್ತದೆ, ನಿನ್ನ ಹುಬ್ಬು ಮೇಲೇಳುತ್ತದೆ. ಚಾರ್ಜರಿನ ಮೇಲಿಟ್ಟರೆ ಖಂಡಿತ ನಿನ್ನ ಕೈಗೇ ಸಿಗುತ್ತದೆ.

ನಮ್ಮ ಒಪ್ಪಂದ ಮರೆತಿಲ್ಲ. ನನ್ನ ಸಹವಾಸ ಸಾಕೆಂದು ಬೇರೆ ಮನೆ ಮಾಡಿಕೊಂಡು ಹಾಯಾಗಿದ್ದವಳು ನೀನು. ನನ್ನ ಸೋತ ಹೃದಯಕ್ಕೆ ಪಂಪು ಜೋಡಿಸುವ ಮೊದಲು, ಬ್ಯಾಟರಿ ಬದಲಿಸಲು, ಪಂಪನ್ನು ನಡೆಸುವ ಪೆಟ್ಟಿಗೆ ಕೂಗಿಕೊಂಡರೆ ಓಡಿಬರಲು ಕಲಿತವರೊಬ್ಬರು ಮನೆಯಲ್ಲಿರಲೇಬೇಕೆಂದು ಆಸ್ಪತ್ರೆಯವರು ಪಟ್ಟು ಹಿಡಿದರು. "ಪಂಪ್ ಇರೋ ತನಕ ಇರ್ತೀನಿ, ಆಮೇಲೆ ನನ್ನ ದಾರಿ ನನಗೆ" ಎಂದು ಬಂದೆ. ಆ ವಾರವೇ ನಾನು "ಎದೆಯೊಳಗೆ ಪಂಪು, ಮನೆಯೊಳಗೆ ತಂಪು" ಎಂದು ಹಾಡಿದ್ದಕ್ಕೆ, "ಪ್ರಾಸ ಬಿಡಿ, ಬ್ಯಾಟರಿ ಹಿಡಿ" ಎಂದೆ. ನನ್ನದಕ್ಕಿಂತ ಚೆನ್ನಾಗಿತ್ತು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ.

ಪಂಪು ರಕ್ತವನ್ನು ಬಿಡುವಿಲ್ಲದೆ ತಳ್ಳುವುದರಿಂದ ನನ್ನ ಕೈಯಲ್ಲಿ ನಾಡಿಯೇ ಸಿಗುತ್ತಿರಲಿಲ್ಲ. ಆದರೂ ನೀನು ದಿನಾ ಬೆಳಿಗ್ಗೆ ಮಣಿಕಟ್ಟು ಹಿಡಿದು, ತಲೆಯಾಡಿಸಿ, ಸೊಂಟದ ಪೆಟ್ಟಿಗೆಯ ಅಂಕಿ ನೋಡಿ, "ಬದುಕಿದ್ದೀರಿ" ಎಂದು ತೀರ್ಪು ಕೊಡುತ್ತಿದ್ದೆ. ಕಾಫಿ ಅದರ ನಂತರವೇ.

ನಿನ್ನೆ ಆಸ್ಪತ್ರೆಯಲ್ಲಿ ಆ ಟೆಕ್ನಿಷಿಯನ್ ಹುಡುಗಿ ಪೆಟ್ಟಿಗೆಯನ್ನು ದೊಡ್ಡ ಪರದೆಗೆ ಜೋಡಿಸಿ ಒಂದು ಗೆರೆ ತೋರಿಸಿದಳಲ್ಲ, "ನೋಡಿ ಸಾರ್, ಈ ಏರಿಳಿತ ಪಂಪಿಂದಲ್ಲ, ನಿಮ್ಮ ಹಾರ್ಟಿಂದೇ. ಎದ್ದು ಕೂತಿದೆ!" ಎಂದು. ನಾಳೆ ಪಂಪಿನ ವೇಗ ಇಳಿಸಿ ನೋಡುತ್ತಾರಂತೆ. ಹೃದಯ ತಡೆದುಕೊಂಡರೆ ಮುಂದೆ ಪಂಪನ್ನೇ ತೆಗೆಯುವ ಮಾತು.

ನಾನು ಕುಣಿಯಬೇಕಿತ್ತು. ಕುರ್ಚಿಯ ಕೈ ಹಿಡಿದು ಕೂತೆ. ಹೃದಯ ಸೋತರೆ ನನಗೆ ಪಂಪೇ ಗತಿ, ಗೆದ್ದರೆ ನೀನು ಹೊರಡುತ್ತಿ. ಯಾವುದನ್ನು ಹಾರೈಸಲಿ, ಹೇಳು? ನೀನು "ಒಳ್ಳೇದಾಯ್ತಲ್ಲ" ಎಂದದ್ದೂ ಅರ್ಥವಾಗಲಿಲ್ಲ. ಮನೆಗೆ ಬಂದವಳೇ ಅಟ್ಟದಿಂದ ಚೀಲ ಇಳಿಸಿದೆ. ಆಸ್ಪತ್ರೆಗೋ, ನಿನ್ನ ಮನೆಗೋ? ಕೇಳಲು ಧೈರ್ಯ ಸಾಲಲಿಲ್ಲ. ಪೆಟ್ಟಿಗೆಯಾದರೆ ಕೆಂಪು ದೀಪ ಹಚ್ಚಿ ಕೂಗುತ್ತದೆ. ನಿನಗೆ ದೀಪವೂ ಇಲ್ಲ, ಕೂಗೂ ಇಲ್ಲ.

ನಾಳೆ ವೇಗ ಇಳಿಸುವಾಗ ನನ್ನ ಕಣ್ಣಿಗೆ ಕಾಣುವಂತೆ ನಿಂತಿರು. ಅಷ್ಟು ಸಾಕು. ಸಾಕೋ ಏನೋ, ಅದೂ ಗೊತ್ತಾಗುತ್ತಿಲ್ಲ.

ಇಂತು,
ಆಸ್ಪತ್ರೆಯ ಕಾರ್ಡಿನಲ್ಲಾದರೂ ಇನ್ನೂ ನಿನ್ನ ಗಂಡ

ಮರೆತ ಮಾತು: ಮರೆತಿರಲಿಲ್ಲ, ಕೈ ಬರಲಿಲ್ಲ. "ಮನೇಲಿ ನಾಡಿ ಏನಾದ್ರೂ ಸಿಗ್ತಿತ್ತಾ?" ಎಂದು ಆ ಹುಡುಗಿ ಕೇಳಿದಾಗ ನಾವಿಬ್ಬರೂ ಒಂದೇ ಉಸಿರಿಗೆ "ಇಲ್ಲ" ಎಂದೆವು. ಕೆಲವು ದಿನಗಳಿಂದ ಸಿಗುತ್ತಿದೆಯೆಂದು ನನಗೆ ಗೊತ್ತಿತ್ತು. ಹೇಳಿದರೆ ನೀನು ಹೋಗಿಬಿಡುತ್ತೀಯೆಂದು ಬಾಯಿ ಮುಚ್ಚಿಕೊಂಡಿದ್ದೆ. ಆದರೆ ದಿನಾ ಬೆಳಿಗ್ಗೆ ಅದೇ ಮಣಿಕಟ್ಟು ಹಿಡಿದವಳು ನೀನಲ್ಲವೇ? ನೀನೇಕೆ ಇಲ್ಲವೆಂದೆ?