ಎಡಬಾಗಿಲ ಸಂದು

ಡೆಟ್ರಾಯಿಟ್, ಜೂನ್ 14, ಶುಕ್ರವಾರ

ಬೆರಳೆಲ್ಲ ನೋಯ್ತಿದೆ, ಆದರೂ ಇದನ್ನು ಬರೆಯದೆ ನಿದ್ದೆ ಬರಲ್ಲ.

ಮಗಳು ರೊಂಡಾ ಕೊಂಡ ಎಪ್ಪತ್ತನೇ ಇಸವಿಯ ಮಸಲ್ ಕಾರು, ಆ ಕಾಲದ ದೊಡ್ಡ ಎಂಜಿನ್ನಿನ ಗಾಡಿ, ರಿಪೇರಿಯಾಗಿ ಬಂತು. ಬಣ್ಣವೇನೋ ಥಳಥಳ. ಎಡಬಾಗಿಲ ಸಂದು ಮಾತ್ರ ಮೇಲೆ ನೂಲಿನಷ್ಟು, ಕೆಳಗೆ ನನ್ನ ಹೆಬ್ಬೆರಳು ತೂರುವಷ್ಟು.

ರಿಪೇರಿ ಮಾಡಿದ ವೆಂಡೆಲ್‌ಗೆ ನಗು. "ಯಜಮಾನ್ರೇ, ಆಗ ಫ್ಯಾಕ್ಟರಿಯಿಂದ್ಲೇ ಹಿಂಗೆ ಬರ್ತಿದ್ವು. ಸೋಮವಾರ ಕುಡ್ಕೊಂಡು ಬಂದು ಬಾಗಿಲು ಜೋಡಿಸ್ತಿದ್ರು. ಇದೇ ಒರಿಜಿನಲ್ಲು!"

"ಆ ಬಾಗಿಲು ಜೋಡಿಸ್ತಿದ್ದೋನು ನಾನೇ ಕಣಯ್ಯಾ," ಅಂದೆ. ನಗು ನಿಂತಿತು.

ಅವನು ಹೋದ ಮೇಲೆ ಬಾಗಿಲು ಬಿಚ್ಚಿದೆ. ಕೀಲಿನ ಹಿಂದೆ ಮೂರು ವಾಷರ್ ತುರುಕಿದ್ದಾನೆ, ಅಂಚಿಗೆ ಪುಟ್ಟಿ ಮೆತ್ತಿದ್ದಾನೆ. ಎಲ್ಲ ಕಿತ್ತು ಹಾಕಿದೆ. ಜೊತೆಗೆ ಬಣ್ಣವೂ ಕಿತ್ತು ಬಂತು, ಬರಲಿ.

"ಅಪ್ಪಾ, ಎಪ್ಪತ್ತಾರು ವರ್ಷ ನಿಂಗೆ. ಸಾಕು ಬಿಡು," ಅಂದಳು ರೊಂಡಾ.

"ಬಾಯ್ಮುಚ್ಕೊಂಡು ಆ ಕಡೆ ಹಿಡ್ಕೊ."

ಕತ್ತಲಾಗುವ ಹೊತ್ತಿಗೆ ಮತ್ತೆ ಜೋಡಿಸಿ ಒಂದೇ ಬೆರಳಲ್ಲಿ ತಳ್ಳಿದೆ. ಬಾಗಿಲು ಟಕ್ಕಂತ ಕೂತಿತು. ಸಂದು ಮೇಲಿನಿಂದ ಕೆಳಗಿನವರೆಗೂ ಒಂದೇ ಸಮ.

ಕೆಲವು ಸೋಮವಾರ ಕುಡಿದೇ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ಕುಡಿದರೂ ಹೀಗೇ ಜೋಡಿಸ್ತಿದ್ದೆ, ವೆಂಡೆಲ್. ನಾಳೆ ಬಾ, ನಿನ್ನ ಹೆಬ್ಬೆರಳು ತೂರಿಸಿ ನೋಡು.